ಕಪನೂರದಿಂದ ಕಮಲಾಪುರಕ್ಕೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಊರಿನ ಅಂಚಿನಲ್ಲಿ ಕಪನೂರ ಸಿಗುತ್ತದೆ. ಒಂದು ಕಾಲಕ್ಕೆ ಇದು ತನ್ನ ಪಾಡಿಗೆ ತಾನಿದ್ದ ಹಳ್ಳಿ. ಈಗ ನಗರವೇ ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಮಿಲ್ಲುಗಳು ಬಹಳ. ಹೊಸ ತೊಗರಿ ಬರುವ ದಿನಗಳಲ್ಲಿ ರಸ್ತೆಯ ಬದಿಗೆ ಲಾರಿಗಳು ಸಾಲಾಗಿ ನಿಂತಿರುತ್ತವೆ. ಗಾಳಿಯಲ್ಲಿ ತೊಗರಿ ಹೊಟ್ಟಿನ ವಾಸನೆ. ಕಣ್ಣು ಮುಚ್ಚಿಕೊಂಡು ಆಟೊದಲ್ಲಿ ಕುಳಿತಿದ್ದರೂ ಕಪನೂರ ಬಂತೆಂದು ಮೂಗೇ ಹೇಳುತ್ತದೆ.

ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಈ ಮಣ್ಣಿನಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂದು ಮಧ್ಯಾಹ್ನ ಉಂಡ ಸಾರಿನ ಬೇಳೆ ಕಪನೂರದ ರಸ್ತೆಯನ್ನು ಹಾದು ಬಂದಿರಬಹುದು.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಮನೆ ಕಪನೂರದಿಂದ ನಡೆದು ಹೋಗುವಷ್ಟು ಹತ್ತಿರ. 2022ರ ಡಿಸೆಂಬರ್ ತಿಂಗಳಲ್ಲಿ ಮಗಳ ಮಗಳು ಬೆಂಗಳೂರಿನಿಂದ ರಜೆಗೆ ಬಂದಿದ್ದಳು. ಏಳನೆಯ ತರಗತಿ. ಬರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಹತ್ತು ದಿನಗಳ ವೇಳಾಪಟ್ಟಿ ಬರೆದು ತಂದಿದ್ದಳು. ಏಳುವ ಹೊತ್ತು, ಓದುವ ಹೊತ್ತು, ಆಡುವ ಹೊತ್ತು, ಆಯಿಯ ಜೊತೆ ಮಾತಾಡುವ ಹೊತ್ತು. ಕೊನೆಯದಕ್ಕೆ ಮೂವತ್ತು ನಿಮಿಷ! ಏನಾದರೂ ಐದು ನಿಮಿಷ ತಡವಾದರೆ ಅವಳ ಮುಖ ಬಾಡುತ್ತಿತ್ತು. "ಆಯಿ, ಇನ್ನೂ ಎಷ್ಟು ಹೊತ್ತು?" ಎಂಬುದು ಅವಳು ದಿನಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆ.

ಬಂದ ಮರುದಿನ ಅವಳನ್ನು ಕಪನೂರದ ಒಂದು ಸಣ್ಣ ಮಿಲ್ಲಿಗೆ ಕರೆದುಕೊಂಡು ಹೋದೆ. ಮಿಲ್ಲಿನ ಮುಂದಿನ ಅಂಗಳದಲ್ಲಿ ತೊಗರಿ ಕಾಳು ಹರವಿದ್ದರು. ಒಬ್ಬ ಹೆಣ್ಣುಮಗಳು ಬರಿಗಾಲಿನಲ್ಲಿ ಕಾಲೆಳೆಯುತ್ತ, ಉದ್ದಕ್ಕೆ ಸಾಲು ಹಾಕುತ್ತ, ಕಾಳನ್ನು ಮಗ್ಗಲು ಬದಲಿಸುತ್ತಿದ್ದಳು.

ಮಕ್ಕಳೇ, ಕಾಳು ಬೇಳೆಯಾಗುವುದು ಹೇಗೆ ಗೊತ್ತೇ? ತೊಗರಿಯ ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಒಂದು ಬಗೆಯ ಅಂಟು ಇರುತ್ತದೆ. ಹಾಗಾಗಿ ಕಡಲೆಯ ಹಾಗೆ ಸುಲಭವಾಗಿ ಇದರ ಸಿಪ್ಪೆ ಬಿಡುವುದಿಲ್ಲ. ಮೊದಲು ಕಾಳನ್ನು ಜರಡಿ ಹಿಡಿದು ಕಸ ತೆಗೆಯುತ್ತಾರೆ. ಆಮೇಲೆ ಒರಟಾದ ಉರುಳೆಯಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ. ಅದರ ಮೇಲೆ ಸ್ವಲ್ಪವೇ ಎಣ್ಣೆ ಸವರುತ್ತಾರೆ. ಗೀರಿನೊಳಗಿಂದ ಎಣ್ಣೆ ಇಳಿದು ಅಂಟನ್ನು ಸಡಿಲ ಮಾಡಬೇಕು. ಅದಕ್ಕಾಗಿ ಹಗಲು ಬಿಸಿಲಿಗೆ ಹರವುವುದು, ರಾತ್ರಿ ರಾಶಿ ಮಾಡಿ ಮುಚ್ಚುವುದು. ಹೀಗೆ ಕೆಲವು ದಿನ. ಕೊನೆಗೆ ನೀರು ಚಿಮುಕಿಸಿ, ಒಣಗಿಸಿ, ಯಂತ್ರಕ್ಕೆ ಹಾಕಿದರೆ ಸಿಪ್ಪೆ ಬಿಟ್ಟು ಕಾಳು ಎರಡು ಹೋಳಾಗುತ್ತದೆ. ದೊಡ್ಡ ಮಿಲ್ಲುಗಳಲ್ಲಿ ಈಗ ಬಿಸಿ ಗಾಳಿಯ ಯಂತ್ರಗಳೂ ಬಂದಿವೆ. ಅಜ್ಜ ಅಜ್ಜಿಯರಿಗೆ ಇನ್ನೂ ಹಳೆಯ ವಿಧಾನ ನೆನಪಿರುತ್ತದೆ. ತೊಗರಿ ನೆನೆಸಿ, ಕೆಮ್ಮಣ್ಣು ಕಲಸಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದ ಕಾಲ ಅದು.

ಮೊಮ್ಮಗಳು ತನ್ನ ಪ್ರಶ್ನೆಯನ್ನೇ ಕೇಳಿದಳು. "ಇದು ಒಣಗೋಕೆ ಎಷ್ಟು ಹೊತ್ತು ಬೇಕು?"

ಆ ಹೆಣ್ಣುಮಗಳು ನಕ್ಕಳು. "ಬಿಸಲು ಹ್ಯಾಂಗಿರ್ತದೋ ಹಂಗವ್ವಾ. ನೋಡಿ ಹೇಳಬೇಕು" ಎಂದಳು. ಬಗ್ಗಿ ಒಂದು ಕಾಳು ತೆಗೆದು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಸದ್ದು ಕೇಳಿ, "ಇನ್ನಾ ಆಗಿಲ್ಲ" ಎಂದು ಮತ್ತೆ ಕಾಲೆಳೆಯುತ್ತ ಹೋದಳು.

ಗೀರು ಹಾಕುವುದು, ಎಣ್ಣೆ ಸವರುವುದು, ಹರವುವುದು, ಮಗ್ಗಲು ಬದಲಿಸುವುದು ಅವಳ ಕೈಯಲ್ಲಿದೆ. ಬಿಸಿಲು ಅವಳ ಕೈಯಲ್ಲಿಲ್ಲ. ಮೋಡ ಬಂದರೆ ಅವಳು ಮೋಡದ ಜೊತೆ ಜಗಳ ತೆಗೆಯುವುದಿಲ್ಲ. ಕಾಳು ಬಳಿದು ಮುಚ್ಚುತ್ತಾಳೆ, ಬಿಸಿಲು ಬಂದಾಗ ಮತ್ತೆ ಹರವುತ್ತಾಳೆ. 'ನೋಡಿ ಹೇಳಬೇಕು' ಎಂಬ ಅವಳ ಮಾತು ನನ್ನ ತಲೆಯಲ್ಲಿ ಉಳಿಯಿತು. ಎರಡೇ ದಿನಗಳಲ್ಲಿ ಅದೇ ಮಾತನ್ನು ಇನ್ನೊಬ್ಬರ ಬಾಯಿಂದ, ಇನ್ನೂ ಕಷ್ಟದ ಜಾಗದಲ್ಲಿ ನಿಂತು ಕೇಳಬೇಕಾಯಿತು.

ಆ ಶುಕ್ರವಾರ ಎಳ್ಳಮಾವಾಸ್ಯೆ. ನಮ್ಮ ಭಾಗದ ರೈತರಿಗೆ ಇದು ದೊಡ್ಡ ಹಬ್ಬ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನನ್ನ ತಮ್ಮನ ಹೊಲ ಕಮಲಾಪುರದ ಹತ್ತಿರ ಇದೆ. ಕಲಬುರಗಿಯಿಂದ ಸುಮಾರು 35ರಿಂದ 40 ಕಿಲೋಮೀಟರ್. ನಾವಿಬ್ಬರೂ ಕಪನೂರದ ಬಳಿ ಬೆಳಿಗ್ಗೆ ಬಸ್ ಹತ್ತಿದೆವು. ವೇಳಾಪಟ್ಟಿಯಲ್ಲಿ ಪ್ರಯಾಣಕ್ಕೆ ಒಂದು ಗಂಟೆ ಎಂದು ಬರೆದಾಗಿತ್ತು.

ಅಂದು ರಸ್ತೆ ಯಾರ ವೇಳಾಪಟ್ಟಿಗೂ ಒಗ್ಗುವ ಹಾಗಿರಲಿಲ್ಲ. ಹೊಲಕ್ಕೆ ಹೊರಟ ಟ್ರ್ಯಾಕ್ಟರು, ಟಂಟಂ, ಬಂಡಿ, ಮೋಟಾರ್‌ ಸೈಕಲ್ಲು. ಒಂದೊಂದು ಟ್ರ್ಯಾಕ್ಟರಿನಲ್ಲಿ ಮೂರು ತಲೆಮಾರಿನವರು, ಮಡಿಲಲ್ಲಿ ಬುತ್ತಿಗಂಟು. ಬಸ್ಸು ಅವುಗಳ ಹಿಂದೆ ಆಮೆಯ ಹಾಗೆ ತೆವಳಿತು. ಹುಡುಗಿ ಗಡಿಯಾರ ನೋಡಿದಳು, ಚಾಲಕನನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು.

"ಬಾ, ಒಂದು ಆಟ ಆಡೋಣ" ಎಂದೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಆಡಿಸುತ್ತಿದ್ದ ಆಟ ಅದು. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲು ಬರುವವರೆಗೆ ಕಿಟಕಿಯಲ್ಲಿ ಕಂಡದ್ದನ್ನು ಹೇಳುತ್ತ ಹೋಗಬೇಕು. ನಿಯಮ ಒಂದೇ. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು. ಬೇಗ ಆಯಿತು, ತಡವಾಯಿತು ಎನ್ನಬಾರದು. ಕಂಡದ್ದನ್ನಷ್ಟೇ ಹೇಳಬೇಕು.

ಕೇಳಲು ಸುಲಭ. ಆಡಿ ನೋಡಿ, ಅಷ್ಟು ಸುಲಭವಲ್ಲ. ಮೊದಲ ಕಿಲೋಮೀಟರಿನಲ್ಲಿ ಅವಳು ನಾಲ್ಕು ಸಲ ಸೋತಳು. "ಕೊಳಕು ಗೋಡೆ" ಎಂದಳು. ಗೋಡೆ ಸರಿ, ಕೊಳಕು ತಪ್ಪು. "ನಿಧಾನಕ್ಕೆ ಹೋಗೋ ಟ್ರ್ಯಾಕ್ಟರ್" ಎಂದಳು, ಅದೂ ತಪ್ಪು. ಮೂರನೆಯ ಕಲ್ಲಿನ ಹೊತ್ತಿಗೆ ಮಾತು ಬದಲಾಗಿತ್ತು. "ಕಪ್ಪು ಮಣ್ಣು. ಮಣ್ಣಿನಲ್ಲಿ ಬಿರುಕು. ಬಿಳಿ ಕೊಕ್ಕರೆ. ಒಂದು ಕಾಲು ಎತ್ತಿದೆ. ಕೆಂಪು ಸೀರೆ. ಬುಟ್ಟಿಯ ಮೇಲೆ ಬಿಳಿ ಬಟ್ಟೆ. ಹಳದಿ ಹೂ, ಇಲ್ಲ, ಕಾಯಿ."

ಅದು ತೊಗರಿ. ಜೂನ್, ಜುಲೈನಲ್ಲಿ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ಕಟಾವು ಮಾಡುವ ಬೆಳೆ. ಹೆಚ್ಚಿನವರಿಗೆ ನೀರಾವರಿ ಇಲ್ಲ, ಮಳೆಯೇ ಗತಿ. ಈ ಗಿಡದ ಒಂದು ಗುಣ ನನಗೆ ಬಹಳ ಇಷ್ಟ. ತೊಗರಿ ಮೈತುಂಬ ಹೂ ಬಿಡುತ್ತದೆ. ಆದರೆ ಅದರಲ್ಲಿ ಬಹುಪಾಲು ಹೂವನ್ನು ತಾನೇ ಉದುರಿಸಿಬಿಡುತ್ತದೆ. ತನಗೆ ಸಾಕಲು ಆಗುವಷ್ಟನ್ನೇ ಇಟ್ಟುಕೊಂಡು ಕಾಯಿ ಕಟ್ಟುತ್ತದೆ. ಉದುರಿದ ಎಲೆ ಹೂವೆಲ್ಲ ಮಣ್ಣಿಗೆ ಗೊಬ್ಬರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಮಹಾಗಾಂವ ಕ್ರಾಸ್ ದಾಟಿದ ಮೇಲೆ ನೋಟ ಬದಲಾಗುತ್ತದೆ. ಸಪಾಟಾದ ಕರಿ ನೆಲ ಮೆಲ್ಲಗೆ ಏರಿಳಿಯುತ್ತದೆ. ಅಲ್ಲಲ್ಲಿ ಮಣ್ಣು ಕೆಂಪಾಗುತ್ತದೆ. "ನೆಲ ಕೆಂಪಾಯ್ತು!" ಎಂದು ಹುಡುಗಿ ಕೂಗಿದಳು. ಕಮಲಾಪುರ ಬಂದೇಬಿಟ್ಟಿತ್ತು. ಒಂದು ಗಂಟೆಗಿಂತ ಬಹಳ ಹೆಚ್ಚು ಹಿಡಿದಿತ್ತು. ಅವಳು ಗಡಿಯಾರ ನೋಡಲಿಲ್ಲ.

ತಮ್ಮ ರಸ್ತೆಯಲ್ಲೇ ಕಾಯುತ್ತಿದ್ದ. ಹೊಲದ ಬದುವಿಗೆ ಬಂದಾಗ ನಾನು ಕ್ಷಣ ಹೊತ್ತು ಮಾತಾಡಲಿಲ್ಲ. ಹೊಲದ ಒಂದು ಭಾಗ ಕಾಯಿ ಹೊತ್ತು ನಿಂತಿತ್ತು. ಇನ್ನೊಂದು ಭಾಗ ನಿಂತಲ್ಲೇ ಒಣಗಿ ಕಡ್ಡಿಯಾಗಿತ್ತು. ಆ ವರ್ಷ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ದೊಡ್ಡ ಪ್ರಮಾಣದಲ್ಲಿ ಬಂದಿತ್ತು. ಪತ್ರಿಕೆಯಲ್ಲಿ ಓದುವುದು ಬೇರೆ, ತಮ್ಮನ ಹೊಲದಲ್ಲಿ ನೋಡುವುದು ಬೇರೆ.

ನೆಟೆ ರೋಗ ಬರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ. ಅದು ಬೇರಿನ ಮೂಲಕ ಒಳಗೆ ಹೋಗಿ, ಗಿಡದೊಳಗೆ ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ತಮ್ಮ ಒಂದು ಒಣಗಿದ ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ ಹುಡುಗಿಗೆ ತೋರಿಸಿದ. ಒಳಗೆ ಕಪ್ಪು ಗೆರೆ. ಪಕ್ಕದ ಹಸಿರು ಗಿಡದ ಒಂದು ರೆಂಬೆ ಸೀಳಿದ. ಒಳಗೆ ಬೆಳ್ಳಗೆ.

ಆ ತೊಗರಿ ಮಾರಿದ ದುಡ್ಡಿನಿಂದಲೇ ಅವನ ಮಗನ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಅದು ನನಗೆ ಗೊತ್ತಿತ್ತು. ಆದರೂ ಅವನ ಮುಖದಲ್ಲಿ ನಾನು ಅಂಜಿದ್ದಷ್ಟು ಸೋಲು ಕಾಣಲಿಲ್ಲ. ಕೇಳಿದೆ.

"ಗಿಡ ಬಾಡ್ಲಾಕ ಶುರುವಾದಾಗ ಹದಿನೈದು ದಿನ ನಿದ್ದಿ ಇಲ್ಲಕ್ಕಾ" ಎಂದ. "ಹೊಲದ ಕಡಿ ಬರ್ಲಾಕೇ ಅಂಜಿಕಿ. ಎಲ್ಲಾ ಹೋಯ್ತು, ಎಲ್ಲಾ ಹೋಯ್ತು ಅಂತ ಮನ್ಯಾಗ ಕುಂತು ಅನ್ಕೊಂತಿದ್ದೆ. ಒಂದಿನ ನಸುಕಿನ್ಯಾಗ ಎದ್ದು ಬಂದು ಸಾಲು ಹಿಡದು ನಡದೆ. ಒಂದೊಂದೇ ಸಾಲು ನೋಡಿದೆ. ಎಣಿಸಿದೆ. ಅರ್ಧಕ್ಕಿಂತ ಜರಾ ಕಮ್ಮಿ ಹೋಗಿತ್ತು. ಎಣಿಸಿದ ದಿನ ನಿದ್ದಿ ಬಂತು."

"ಅರ್ಧ ಹೋಗಿದ್ದಕ್ಕೆ ನಿದ್ದೆ ಹೇಗೆ ಬಂತು ಮುತ್ಯಾ?" ಎಂದು ಹುಡುಗಿ ಕೇಳಿದಳು.

"ಅಂಜಿಕಿ ಮನ್ಯಾಗ ಕುಂತಾಗ ಭಾಳ ದೊಡ್ಡದು ತಾಯಿ. ಹೊಲಕ್ಕ ಬಂದು ನೋಡಿದ್ರ ಅದು ಹೊಲದಷ್ಟೇ ಅದ. ಎಷ್ಟದ, ಎಲ್ಲದ, ನೋಡೇ ಹೇಳಬೇಕು."

ಮತ್ತೆ ಅದೇ ಮಾತು. ಕಪನೂರದ ಅಂಗಳದಲ್ಲಿ ಕಾಳು ಕಚ್ಚಿದವಳೂ ಇದನ್ನೇ ಹೇಳಿದ್ದಳು.

ಸಾಲು ಸಾಲು ನಡೆದದ್ದರಿಂದ ಅವನಿಗೆ ಇನ್ನೊಂದು ವಿಷಯವೂ ಕಂಡಿತ್ತು. ರೋಗ ಹೊಲದ ತುಂಬ ಒಂದೇ ಹದಕ್ಕೆ ಇರಲಿಲ್ಲ. ಮಳೆ ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ ಹೆಚ್ಚು, ಎತ್ತರದ ಕಡೆಗೆ ಕಡಿಮೆ. ಹಾಗಾಗಿ ಮುಂದಿನ ವರ್ಷ ಆ ಭಾಗದಲ್ಲಿ ತೊಗರಿ ಬೇಡ, ಜೋಳ ಹಾಕೋಣ ಎಂದು ತೀರ್ಮಾನಿಸಿದ್ದ. ಬೆಳೆ ಬದಲಿಸುವುದು, ಬೀಜೋಪಚಾರ ಮಾಡುವುದು, ರೋಗ ತಡೆಯುವ ತಳಿ ಆರಿಸುವುದು ರೈತನ ಕೈಯಲ್ಲಿದೆ. ಬೆಳೆ ವಿಮೆಗೆ ಅರ್ಜಿ ಕೊಟ್ಟಿದ್ದ. ಶುಲ್ಕವನ್ನು ಎರಡು ಕಂತಿನಲ್ಲಿ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿ ಬಂದಿದ್ದ. ಒಣಗಿದ ಗಿಡಕ್ಕೆ ಮತ್ತೆ ಹಸಿರು ತರುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಅದನ್ನು ಅವನು ಬಿಟ್ಟುಕೊಟ್ಟಿದ್ದ.

ಬಿಟ್ಟುಕೊಡುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ಇದನ್ನು ಮಕ್ಕಳಿಗಿಂತ ನಮ್ಮಂಥ ಹಿರಿಯರಿಗೆ ನಾನೇ ಹೇಳಿಕೊಳ್ಳಬೇಕಾದ ಮಾತು. ಗಮನವಿಟ್ಟು ನೋಡದವನಿಗೆ ತನ್ನ ಪಾಲಿನ ಕೆಲಸ ಯಾವುದು, ತನ್ನದಲ್ಲದ್ದು ಯಾವುದು ಎಂಬುದೇ ತಿಳಿಯುವುದಿಲ್ಲ. ಅವನು ಎಲ್ಲವನ್ನೂ ಹಿಡಿಯಲು ಹೋಗುತ್ತಾನೆ, ಇಲ್ಲವೇ ಎಲ್ಲವನ್ನೂ ಕೈಚೆಲ್ಲುತ್ತಾನೆ. ನೋಡಿದವನು ಹಾಗಲ್ಲ. ಆಗುವುದನ್ನು ಮಾಡುತ್ತಾನೆ, ಆಗದ್ದರ ಮೇಲಿನ ಹಿಡಿತವನ್ನು ಸಡಿಲ ಬಿಡುತ್ತಾನೆ.

ಹೊಲದ ನಡುವೆ ಜೋಳದ ದಂಟಿನಿಂದ ಪುಟ್ಟ ಕೊಂಪೆ ಕಟ್ಟಿದ್ದರು. ಅದರೊಳಗೆ ಸುಣ್ಣ ಬಳಿದ ಐದು ಕಲ್ಲು. ಅವೇ ಪಂಚ ಪಾಂಡವರು. ಪೂಜೆ ಆಯಿತು. ಆಮೇಲೆ ಚರಗ. ಎಳ್ಳಮಾವಾಸ್ಯೆಯ ಮುಖ್ಯ ಕೆಲಸವೇ ಇದು. ಮಾಡಿ ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಹೊಲದ ನಾಲ್ಕೂ ಕಡೆ ಚೆಲ್ಲುತ್ತ ಹೋಗುವುದು. ಭೂಮಿತಾಯಿಗೆ ಉಣಿಸುವುದು ಎನ್ನುತ್ತಾರೆ. ಚೆಲ್ಲಿದ ಮೇಲೆ ಯಾರು ತಿಂದರು ಎಂದು ತಿರುಗಿ ಲೆಕ್ಕ ಕೇಳುವ ಪದ್ಧತಿ ಇಲ್ಲ. ಇರುವೆ ತಿನ್ನಲಿ, ಗುಬ್ಬಿ ತಿನ್ನಲಿ, ಮಣ್ಣೇ ತಿನ್ನಲಿ.

ತಮ್ಮ ಬುಟ್ಟಿ ಹಿಡಿದು ಮುಂದೆ, ಹುಡುಗಿ ಹಿಂದೆ. ಹಸಿರು ಸಾಲು ಮುಗಿಯಿತು. ಅವನು ನಿಲ್ಲಲಿಲ್ಲ. ಒಣಗಿದ ಸಾಲುಗಳೊಳಗೂ ಹೋಗಿ ಅಷ್ಟೇ ನಿಧಾನಕ್ಕೆ, ಅಷ್ಟೇ ಮುಷ್ಟಿ ತುಂಬ ಚೆಲ್ಲಿದ.

"ಇಲ್ಲಿ ಯಾಕೆ ಮುತ್ಯಾ? ಇದು ಸತ್ತುಹೋಗಿದೆಯಲ್ಲ?"

"ಇದೂ ನಮ್ಮ ಹೊಲಾನೇ ಅಲ್ಲೇನು ತಾಯಿ" ಎಂದ. ಅಷ್ಟೇ.

ಆಮೇಲೆ ಬೇವಿನ ಮರದ ನೆರಳಿನಲ್ಲಿ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಅಂಬಲಿ. ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ ಕಾಳು, ಅವರೆ, ಕಡಲೆ, ಮೆಂತ್ಯೆ, ಬೇರೆ ಬೇರೆ ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಪಲ್ಯ. ಹೊಲದಲ್ಲಿ ಆ ಹೊತ್ತಿಗೆ ಏನು ಬೆಳೆದಿರುತ್ತದೋ ಅದೇ ಭಜ್ಜಿಯ ರುಚಿ. ಹೋದ ವರ್ಷದ ಹಾಗೆಯೇ ಇರಬೇಕೆಂದರೆ ಆಗುವುದಿಲ್ಲ. ಉಂಡು ಮುಗಿದ ಮೇಲೆ ಯಾರಿಗೂ ಕೆಲಸವಿಲ್ಲ. ಇಡೀ ವರ್ಷ ಉತ್ತು, ಬಿತ್ತಿ, ಕಳೆ ಕಿತ್ತು, ಹುಳ ಆರಿಸಿದ ರೈತ ಈ ಒಂದು ದಿನ ಹೊಲದಲ್ಲಿ ಸುಮ್ಮನೆ ಕೂತು ಬೆಳೆಯನ್ನು ನೋಡುತ್ತಾನೆ. ನೋಡುವುದಕ್ಕೆಂದೇ ಒಂದು ಹಬ್ಬ ಇಟ್ಟ ಹಿರಿಯರ ಬಗ್ಗೆ ನನಗೆ ಆ ಮಧ್ಯಾಹ್ನ ಬಹಳ ಗೌರವ ಹುಟ್ಟಿತು.

ಮರಳುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಈ ಊರಿನ ಕೆಂಪು ಬಾಳೆ ಪ್ರಸಿದ್ಧ. ಅದಕ್ಕೂ ಭೌಗೋಳಿಕ ಗುರುತು ಇದೆ. ಇಲ್ಲಿನ ಗುಡ್ಡಗಳ ನಡುವಿನ ಕೆಂಪು ಮಣ್ಣಿನಲ್ಲಿ ಬೆಳೆಯುವ ಹಣ್ಣು. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಒಂದೂವರೆ ವರ್ಷದ ಹತ್ತಿರ ಬೇಕು. ಅವಸರಪಡಿಸಿದರೆ ಅದು ಕೇಳುವುದಿಲ್ಲ. ಸಿಪ್ಪೆ ಕಾಯಿದ್ದಾಗಲೂ ಕೆಂಪೇ. ಹಾಗಾಗಿ ಹಸಿರು ಹೋಗಿ ಹಳದಿ ಬಂತು, ಹಣ್ಣಾಯಿತು ಎಂಬ ಸುಲಭದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾವು ಕೊಂಡ ಚಿಪ್ಪು ಇನ್ನೂ ಗಟ್ಟಿಯಾಗಿತ್ತು.

"ಯಾವಾಗ ತಿನ್ನಬಹುದು?" ಎಂದು ಹುಡುಗಿ ಕೇಳಿದಳು. ಮಾರುವ ಮುದುಕ ಬಾಯಿ ತೆರೆಯುವಷ್ಟರಲ್ಲಿ ಅವಳೇ ನಕ್ಕು, "ನೋಡಿ ಹೇಳಬೇಕು, ಅಲ್ವಾ ಮುತ್ಯಾ?" ಎಂದಳು. ಅವನಿಗೂ ನಗು ಬಂತು. "ದಿನಾ ಒಮ್ಮಿ ಮೆತ್ತಗ ಮುಟ್ಟು. ಮೂಗಿನ ಹತ್ರ ಹಿಡಿ. ಅದೇ ಹೇಳ್ತದ" ಎಂದ.

ಮರುದಿನ ಶರಣಬಸವೇಶ್ವರ ಗುಡಿಗೆ ಹೋದೆವು. ಕಲಬುರಗಿಗೆ ಬಂದವರು ಅಪ್ಪನ ಗುಡಿ, ಅಪ್ಪನ ಕೆರೆ ನೋಡದೆ ಹೋಗುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವರು ಹೊಲ ಉತ್ತು, ಬಂದವರಿಗೆಲ್ಲ ಅನ್ನ ಹಾಕಿದವರು. ಅವರ ಬಗ್ಗೆ ನಮ್ಮ ಭಾಗದ ಪ್ರತಿ ಮನೆಯಲ್ಲೂ ಒಂದು ಕಥೆ ಹೇಳುತ್ತಾರೆ. ಜೋಳ ತೆನೆ ಕಟ್ಟಿದಾಗ ಎಲ್ಲರೂ ಕವಣೆ ಹಿಡಿದು ಹಕ್ಕಿ ಓಡಿಸುತ್ತಿದ್ದರಂತೆ. ಶರಣಬಸವರು ಮಾತ್ರ ಹಕ್ಕಿಗಳನ್ನು ತಿನ್ನಲು ಬಿಟ್ಟು, ತಿಂದ ಮೇಲೆ ಬಾಯಾರೀತೆಂದು ನೀರನ್ನೂ ಇಟ್ಟರಂತೆ. ರಾಶಿ ಮಾಡಿದಾಗ ಅವರ ಕಣದಲ್ಲೇ ಜೋಳ ಹೆಚ್ಚು ಬಂತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ರಾಶಿ ಹೆಚ್ಚಾದದ್ದನ್ನು ಪವಾಡ ಎಂದು ನಂಬುವವರು ನಂಬಲಿ. ಹಕ್ಕಿಗೂ ಬಾಯಾರಿಕೆ ಇದೆ ಎಂದು ಅವರು ಗಮನಿಸಿದರಲ್ಲ, ಮೊಮ್ಮಗಳಿಗೆ ಮೆಚ್ಚಿಗೆಯಾದದ್ದು ಅದು. ಓಡಿಸುವವನಿಗೆ ಹಕ್ಕಿಯ ಬಾಯಾರಿಕೆ ಕಾಣುವುದಿಲ್ಲ.

ಇದೇ ಜಿಲ್ಲೆಯ ಸನ್ನತಿಯ ಕಥೆಯನ್ನೂ ಅವಳಿಗೆ ಹೇಳಿದೆ. ಭೀಮಾ ನದಿಯ ದಡದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಇದೆ. 1986ರಲ್ಲಿ ಅದರ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ವಿಗ್ರಹ ಒಡೆಯಿತು. ಊರವರಿಗೆ ದುಃಖವೇ. ಆದರೆ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ಗಮನವಿಟ್ಟು ನೋಡಿದಾಗ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇತ್ತು! ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಕಲ್ಲಿನಲ್ಲಿ ಅಶೋಕನ ಚಿತ್ರವಿದೆ, ಅವನ ಹೆಸರನ್ನೂ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾರೆ. ಛಾವಣಿ ಬೀಳುವುದನ್ನು ಯಾರೂ ಬಯಸಿರಲಿಲ್ಲ. ಬಿದ್ದ ಮೇಲೆ ಕಲ್ಲನ್ನು ಬಳಿದು ಎಸೆಯದೆ ನೋಡಿದವರಿಂದ ಇತಿಹಾಸ ಹೊರಗೆ ಬಂತು.

ಆ ಸ್ತೂಪದಲ್ಲಿ ಪೂಜೆಗೊಂಡ ಬುದ್ಧ ತನ್ನ ಭಿಕ್ಷುಗಳಿಗೆ ಉಸಿರನ್ನು ಗಮನಿಸಲು ಕಲಿಸಿದವನು. ಉಸಿರು ಉದ್ದ ಇದ್ದರೆ ಉದ್ದ ಎಂದು ತಿಳಿಯುವುದು, ಗಿಡ್ಡ ಇದ್ದರೆ ಗಿಡ್ಡ ಎಂದು ತಿಳಿಯುವುದು. ಅದನ್ನು ಎಳೆದು ಉದ್ದ ಮಾಡುವ ಗೋಜಿಲ್ಲ. ಕಲಬುರಗಿಯ ಬುದ್ಧ ವಿಹಾರದ ಧ್ಯಾನ ಮಂದಿರದಲ್ಲಿ ಕೂತು ಇದನ್ನು ಮಾಡಿ ನೋಡಬಹುದು. ಬಸ್ಸಿನ ಕಿಟಕಿಯಲ್ಲಿ, ಒಲೆಯ ಮುಂದೆ, ಶಾಲೆಯ ಗಂಟೆ ಹೊಡೆಯುವ ಮುನ್ನವೂ ಮಾಡಬಹುದು.

ಜನವರಿಯಲ್ಲಿ ತಮ್ಮನ ಹೊಲದ ರಾಶಿ ಆಯಿತು. ಬಂದದ್ದು ಹಿಂದಿನ ವರ್ಷದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಗನ ಶುಲ್ಕ ಎರಡು ಕಂತಿನಲ್ಲಿ ಹೋಯಿತು. ಎರಡನೆಯ ಕಂತಿಗೆ ಒಂದು ಎಮ್ಮೆ ಮಾರಬೇಕಾಯಿತು. ಅದು ಸಣ್ಣ ನಷ್ಟವಲ್ಲ. ನೋಡುವುದರಿಂದ ಕಷ್ಟ ಮಾಯವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಇರುವ ಕಷ್ಟದ ಮೇಲೆ ಇಲ್ಲದ ಕಷ್ಟವನ್ನು ಹೇರಿಕೊಳ್ಳುವುದು ತಪ್ಪುತ್ತದೆ, ಅಷ್ಟು. ಮುಂದಿನ ಮುಂಗಾರಿಗೆ ಆ ತಗ್ಗಿನ ಮೂಲೆಯಲ್ಲಿ ಜೋಳ ಬಂತು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಓದು, ಮಕ್ಕಳ ನೌಕರಿ, ನಮ್ಮ ಮಂಡಿನೋವು, ಎಲ್ಲದರ ಲಗಾಮೂ ನಮ್ಮ ಕೈಯಲ್ಲೇ ಇರಬೇಕೆಂದು ನಮಗೆ ಅನ್ನಿಸುವುದುಂಟು. ದಿನಕ್ಕೊಮ್ಮೆಯಾದರೂ ಮೊಮ್ಮಕ್ಕಳ ಜೊತೆ ಆ ಕಿಲೋಮೀಟರ್ ಕಲ್ಲಿನ ಆಟ ಆಡಿ. ಬಸ್ಸು ಬೇಕಿಲ್ಲ, ಮನೆಯ ಕಟ್ಟೆ ಸಾಕು. ಮಕ್ಕಳೇ, ಪರೀಕ್ಷೆಯ ಹೆದರಿಕೆ ಬಂದಾಗ ಪುಸ್ತಕ ತೆರೆದು ಎಷ್ಟು ಪಾಠ ಆಗಿದೆ, ಎಷ್ಟು ಉಳಿದಿದೆ ಎಂದು ನಮ್ಮ ತಮ್ಮನ ಹಾಗೆ ಎಣಿಸಿ ನೋಡಿ. ಉಳಿದದ್ದು ನೀವು ಅಂದುಕೊಂಡಷ್ಟು ದೊಡ್ಡದಿರಲಿಕ್ಕಿಲ್ಲ. ಓದುವುದು ನಿಮ್ಮ ಕೈಯಲ್ಲಿದೆ. ಯಾವ ಪ್ರಶ್ನೆ ಬರುತ್ತದೆ ಎಂಬುದನ್ನು ಬಿಸಿಲಿನ ಹಾಗೆ ಬಿಟ್ಟುಬಿಡಿ.

ಈ ದಾರಿಯಲ್ಲಿ ಬರಬೇಕೆಂದಿದ್ದರೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಚಳಿ ಹಿತವಾಗಿರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ. ಬೀದರ್ ಮತ್ತು ಕಲಬುರಗಿ ನಡುವೆ 2017ರಿಂದ ರೈಲೂ ಓಡುತ್ತಿದೆ, ಕಮಲಾಪುರದಲ್ಲಿ ನಿಲ್ದಾಣವಿದೆ. ಆದರೂ ಒಮ್ಮೆ ಕಪನೂರದಿಂದ ಬಸ್ಸಿನಲ್ಲೇ ಹೋಗಿ. ಎಡಗಡೆ, ಬಲಗಡೆ ಯಾವ ಕಿಟಕಿಯಾದರೂ ಸರಿ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ನೆಲ ಯಾವಾಗ ಕೆಂಪಾಗುತ್ತದೆ ಎಂದು ನಾನು ಹೇಳುವುದಿಲ್ಲ. ಅದನ್ನು ನೀವೇ ನೋಡಿ ಹೇಳಬೇಕು.